ಕೆರೆಯ ಎಲ್ಲೆ ಎಲ್ಲಿ ಮುಗಿಯುತ್ತದೆ? ಹೈದರಾಬಾದಿನ ಅವಳಿ ಜಲಾಶಯಗಳ ಒಂದು ಶತಮಾನ

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂದಾಗ ಸುಮಾರು 150 ಮಂದಿ ಈ ಮರ ಹತ್ತಿ ಜೀವ ಉಳಿಸಿಕೊಂಡರು. ಉಳಿಯದವರ ಲೆಕ್ಕ ಸಾಮಾನ್ಯವಾಗಿ 15,000 ಎಂದು ಹೇಳುತ್ತಾರೆ. ಸೇತುವೆಗಳು ಮುರಿದವು, ಆಗಿನ ಆಸ್ಪತ್ರೆ ಕೊಚ್ಚಿಹೋಯಿತು, ನದಿಯ ಎರಡೂ ದಂಡೆಯ ಮೊಹಲ್ಲಾಗಳು ನೆಲಸಮವಾದವು.

ಈ ದುರಂತದ ಕಾರಣ ಹುಡುಕಲು ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಮುಂಬಯಿ ಪ್ರಾಂತದ ಕೆಲಸ ಬಿಟ್ಟು ಅವರು ಯುರೋಪಿನ ಪ್ರವಾಸದಲ್ಲಿದ್ದರು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದು ಅಕ್ಟೋಬರ್‌ನಲ್ಲಿ ವರದಿ ಕೊಟ್ಟರು. ಮರು ತಿಂಗಳೇ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಮೈಸೂರಿನ ಕಥೆ ನಮಗೆಲ್ಲ ಗೊತ್ತು. ಅದಕ್ಕೆ ಮುಂಚಿನ ಆರು ತಿಂಗಳು ಅವರು ಹೈದರಾಬಾದಿನಲ್ಲಿ ಏನು ಕಂಡರು ಎಂಬುದರ ಕಡೆಗೆ ನಾವು ಅಷ್ಟಾಗಿ ಗಮನ ಕೊಟ್ಟಿಲ್ಲ.

ಅವರು ನದಿಯನ್ನು ನಗರದೊಳಗೆ ಮಾತ್ರ ನೋಡಲಿಲ್ಲ. ಮೂಸಿ ಮತ್ತು ಅದರ ಉಪನದಿ ಈಸಿಗೆ ನೀರು ಎಲ್ಲೆಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿದರು. ಆ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಒಂದು ಚದರ ಮೈಲಿಗೆ ಒಂದು ಕೆರೆ. ಎರಡು ದಿನದ ವಿಪರೀತ ಮಳೆಗೆ ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದವು. ಮೇಲಿನ ಕೆರೆ ಒಡೆದು ಅದರ ನೀರು ಕೆಳಗಿನ ಕೆರೆಗೆ ನುಗ್ಗಿತು, ಕೆಳಗಿನದೂ ಒಡೆಯಿತು. ಹೀಗೆ ಸಾಲಾಗಿ ಒಡೆದ ಕೆರೆಗಳ ನೀರೆಲ್ಲ ಒಟ್ಟಿಗೆ ನಗರಕ್ಕೆ ಬಂತು. ಅಂದರೆ ಪ್ರವಾಹ ಹುಟ್ಟಿದ್ದು ನಗರದಲ್ಲಲ್ಲ, ಮೈಲಿಗಟ್ಟಲೆ ಮೇಲಿನ ಹಳ್ಳಿಗಳಲ್ಲಿ. ಪರಿಹಾರವೂ ಅಲ್ಲೇ ಆಗಬೇಕಿತ್ತು. ನಗರಕ್ಕಿಂತ ಮೇಲೆ, ಮೂಸಿಗೆ ಒಂದು ಮತ್ತು ಈಸಿಗೆ ಒಂದು, ಪ್ರವಾಹವನ್ನು ತಡೆದು ನಿಲ್ಲಿಸುವ ಎರಡು ದೊಡ್ಡ ಜಲಾಶಯ ಕಟ್ಟಬೇಕು ಎಂದು ಅವರು ಬರೆದರು.

ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಪೂರ್ಣವಾದವು. ಮೊದಲನೆಯದರ ಸಾಮರ್ಥ್ಯ ಸುಮಾರು 3.9 ಟಿಎಂಸಿ, ಎರಡನೆಯದು ಸುಮಾರು 3 ಟಿಎಂಸಿ. ಉಸ್ಮಾನ್ ಸಾಗರಕ್ಕೆ ಜನ ಕೊಟ್ಟ ಹೆಸರು ಗಂಡಿಪೇಟೆ. ನೆರೆ ತಡೆಯಲು ಕಟ್ಟಿದ ಜಲಾಶಯ ನಗರದ ಕುಡಿಯುವ ನೀರೂ ಆಯಿತು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಎಂಬ ಮಾತು ಅಲ್ಲಿ ನೆಲೆಸಿದ ಕನ್ನಡಿಗರ ಕಿವಿಗೂ ಬಿದ್ದಿರುತ್ತದೆ. ಮುಂದಿನ ತೊಡಕಿನ ಬೀಜ ಇಲ್ಲೇ ಇದೆ. ನೀರು ದಿನವೂ ನಲ್ಲಿಯಲ್ಲಿ ಬರುತ್ತಿತ್ತು. ನೆರೆ ಮಾತ್ರ ಮತ್ತೆ ಆ ಪ್ರಮಾಣದಲ್ಲಿ ಬರಲಿಲ್ಲ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಇವು ಕುಡಿಯುವ ನೀರಿನ ಕೆರೆಗಳು ಎಂಬುದಷ್ಟೇ ಜನರ ನೆನಪಿನಲ್ಲಿ ಉಳಿಯಿತು.

ಎಂಬತ್ತು ತೊಂಬತ್ತರ ದಶಕದಲ್ಲಿ ನಗರ ಪಶ್ಚಿಮಕ್ಕೆ ಬೆಳೆದು ಜಲಾಶಯಗಳ ಬಳಿಗೆ ಬಂತು. ಆಗ, 1996ರ ಮಾರ್ಚ್ 8ರಂದು, ಆಂಧ್ರಪ್ರದೇಶ ಸರ್ಕಾರ ಹೊರಡಿಸಿದ್ದು 111ನೇ ಸರ್ಕಾರಿ ಆದೇಶ. ಹೈದರಾಬಾದಿನಲ್ಲಿ ಇಂದಿಗೂ ಅದನ್ನು ‘ಟ್ರಿಪಲ್ ಒನ್ ಜಿಓ’ ಎನ್ನುತ್ತಾರೆ. ಜಲಾಶಯಗಳ ಪೂರ್ಣ ಮಟ್ಟದಿಂದ 10 ಕಿಲೋಮೀಟರ್‌ವರೆಗಿನ ಜಲಾನಯನ ಪ್ರದೇಶದಲ್ಲಿ ಮಾಲಿನ್ಯಕಾರಿ ಕೈಗಾರಿಕೆ, ದೊಡ್ಡ ಹೋಟೆಲ್, ವಸತಿ ಬಡಾವಣೆ ಕೂಡದು ಎಂದು ಅದು ಹೇಳಿತು. 84 ಹಳ್ಳಿಗಳ ಪಟ್ಟಿಯನ್ನು ಲಗತ್ತಿಸಿತು. ಅಲ್ಲಿನ ಶೇ 90ರಷ್ಟು ಭೂಮಿ ಬೇಸಾಯ, ತೋಟಗಾರಿಕೆಯಂಥ ಉಪಯೋಗಕ್ಕೇ ಇರಬೇಕು ಎಂದಿತು.

ಈ ಆದೇಶದ ಹೊಸತನ ತಿಳಿಯಬೇಕಾದರೆ ಕೆರೆಯ ಗೆರೆ ಎಳೆಯುವ ಬಗೆ ಗೊತ್ತಿರಬೇಕು. ಸಾಮಾನ್ಯ ಗೆರೆ ‘ಎಫ್‌ಟಿಎಲ್’, ಅಂದರೆ ಕೆರೆ ತುಂಬಿ ಇನ್ನೇನು ಕೋಡಿ ಬೀಳಬೇಕು ಎಂಬ ಹೊತ್ತಿನ ನೀರಿನ ಅಂಚು. ಅದರಾಚೆ ಕಟ್ಟಡ ಕಟ್ಟದೆ ಬಿಡಬೇಕಾದ ಪಟ್ಟಿಯೇ ಬಫರ್. 2012ರ ಕಟ್ಟಡ ನಿಯಮಗಳ ಪ್ರಕಾರ 10 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಕೆರೆಗೆ 30 ಮೀಟರ್, ಚಿಕ್ಕದಕ್ಕೆ 9 ಮೀಟರ್. ಇದು ದಂಡೆಯನ್ನು ಕಾಯುವ ಗೆರೆ. 111ನೇ ಆದೇಶ ಎಳೆದದ್ದು ನೀರು ಹರಿದು ಬರುವ ಇಡೀ ನೆಲಕ್ಕೆ ಗೆರೆ. ವಿಶ್ವೇಶ್ವರಯ್ಯನವರು ನದಿಯನ್ನು ನೋಡಿದ ರೀತಿಗೆ ಹತ್ತಿರವಾದದ್ದು ಈ ಎರಡನೆಯದು.

ಆದೇಶಕ್ಕೆ ಬೇಗನೆ ಪರೀಕ್ಷೆ ಎದುರಾಯಿತು. ಹರಳೆಣ್ಣೆಯ ಉತ್ಪನ್ನ ತಯಾರಿಸುವ ಕಾರ್ಖಾನೆಯೊಂದು ನಿಷೇಧಿತ ವಲಯದೊಳಗೆ ಜಮೀನು ಕೊಂಡಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಡಲಿಲ್ಲ. ಆದರೆ ಆದೇಶ ಹೊರಡಿಸಿದ್ದ ಸರ್ಕಾರವೇ ಆ ಕಾರ್ಖಾನೆಗೆ ವಿನಾಯಿತಿ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1999ರಲ್ಲಿ ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಬರೆದ ತೀರ್ಪು ಎರಡು ಮಾತನ್ನು ಗಟ್ಟಿಗೊಳಿಸಿತು: ಹಾನಿಯಾಗುವವರೆಗೆ ಕಾಯದೆ ಮೊದಲೇ ಎಚ್ಚರ ವಹಿಸಬೇಕು, ಹಾನಿಯಾಗದು ಎಂದು ಸಾಬೀತು ಮಾಡುವ ಹೊಣೆ ಕಟ್ಟಲು ಹೊರಟವನದು. 2000ದ ಡಿಸೆಂಬರ್‌ನಲ್ಲಿ ಬಂದ ಅಂತಿಮ ತೀರ್ಪು ಆ ವಿನಾಯಿತಿಯನ್ನು ಒಪ್ಪಲಿಲ್ಲ.

ಈ ಪ್ರಕರಣದ ನೆರಳು ಬೆಂಗಳೂರಿನವರೆಗೆ ಚಾಚಿದೆ. ಇಂಥ ವ್ಯಾಜ್ಯ ತೀರ್ಮಾನಿಸಲು ವಿಜ್ಞಾನ ಬಲ್ಲವರೂ ಇರುವ ನ್ಯಾಯಪೀಠ ಬೇಕು ಎಂದು ಆ ತೀರ್ಪು ಒತ್ತಿ ಹೇಳಿತ್ತು. ಅದೇ ಜಗನ್ನಾಥ ರಾವ್ ಮುಂದೆ ಕಾನೂನು ಆಯೋಗದ ಅಧ್ಯಕ್ಷರಾಗಿ 2003ರಲ್ಲಿ ಪರಿಸರ ನ್ಯಾಯಾಲಯಗಳ ಕುರಿತು ವರದಿ ಕೊಟ್ಟರು. 2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಾಯ್ದೆ ಬಂತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣದ ವಿಚಾರದಲ್ಲಿ 2016ರಲ್ಲಿ ಬೆಂಗಳೂರಿನ ಎಲ್ಲ ಕೆರೆಗಳಿಗೆ 75 ಮೀಟರ್ ಬಫರ್ ಇರಲಿ ಎಂದದ್ದು ಇದೇ ಮಂಡಳಿ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸಾಮಾನ್ಯ ನಿರ್ದೇಶನವನ್ನು ರದ್ದು ಮಾಡಿತು. ಕಾನೂನಿನಂತೆ ರೂಪುಗೊಂಡ ನಗರ ಯೋಜನೆಯಲ್ಲಿ 30 ಮೀಟರ್ ಎಂದಿರುವಾಗ ಮಂಡಳಿ ಅದನ್ನು ಬದಲಿಸಲಾಗದು ಎಂಬುದು ಕಾರಣ. ಹೈದರಾಬಾದಿನಲ್ಲಿ ಕಿಲೋಮೀಟರಿನಲ್ಲಿ ನಡೆಯುತ್ತಿದ್ದ ವಾದ ಬೆಂಗಳೂರಿನಲ್ಲಿ ಮೀಟರಿಗೆ ಇಳಿದಿತ್ತು.

ಇತ್ತ 84 ಹಳ್ಳಿಗಳಲ್ಲಿ ಏನಾಗುತ್ತಿತ್ತು? ಗೆರೆಯ ಹೊರಗಿನ ಎಕರೆ ಕೋಟಿಗಳ ಬೆಲೆ ಕಂಡಿತು. ಒಳಗಿನ ರೈತನಿಗೆ ಬೇಸಾಯವೂ ಕೈಗೆ ಹತ್ತದು, ಬಡಾವಣೆಯೂ ಆಗದು. ನಗರದ ನೀರಿಗಾಗಿ ನಮ್ಮ ಆಸ್ತಿಯನ್ನು ಏಕೆ ಕಟ್ಟಿಹಾಕಿದಿರಿ ಎಂದು ಹಳ್ಳಿಗಳ ಜನ ವರ್ಷಗಟ್ಟಲೆ ಕೇಳಿದರು. ಅದೇ ಹೊತ್ತಿಗೆ ಹಣ ಮತ್ತು ಪ್ರಭಾವ ಇದ್ದವರ ತೋಟದ ಮನೆಗಳು, ಮದುವೆ ಮಂಟಪಗಳು, ಕಾಲೇಜುಗಳು ಒಳಗೂ ಎದ್ದವು. ನಿಯಮ ಸಣ್ಣ ರೈತನ ಕೈ ಕಟ್ಟಿತು, ದೊಡ್ಡವರ ಕೈ ಬಿಟ್ಟಿತು. ಶಿಕಂ ಜಮೀನಿನದು ಇನ್ನೊಂದು ಗೋಜಲು. ನೀರು ಇಳಿದಾಗ ಉಳುಮೆ ಮಾಡುವ, ಎಫ್‌ಟಿಎಲ್ ಒಳಗೇ ಇರುವ ಈ ನೆಲಕ್ಕೆ ಎಷ್ಟೋ ಕಡೆ ಖಾಸಗಿ ಪಟ್ಟಾ ಇದೆ. ಉಳಲು ಇದ್ದ ಹಕ್ಕನ್ನು ಕಟ್ಟಲು ಇರುವ ಹಕ್ಕು ಎಂದು ಮಾರಿದವರೂ ಇದ್ದಾರೆ, ನಂಬಿ ಕೊಂಡವರೂ ಇದ್ದಾರೆ.

ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟ ಊರೂ ಇದೆ. ಕೆನಡಾದ ಒಂಟಾರಿಯೊ ಪ್ರಾಂತ 1946ರ ಕಾಯ್ದೆಯಡಿ ಜಲಾನಯನ ಪ್ರದೇಶಗಳಿಗೆ ಸಂರಕ್ಷಣಾ ಪ್ರಾಧಿಕಾರಗಳನ್ನು ರಚಿಸುವ ಕ್ರಮ ತಂದಿತು. ಅವುಗಳ ಗಡಿಯನ್ನು ಊರಿನ ಎಲ್ಲೆಯಂತೆ ಎಳೆಯದೆ ನೀರು ಹರಿಯುವ ಎಲ್ಲೆಯಂತೆ ಎಳೆದರು. 1954ರ ಅಕ್ಟೋಬರ್‌ನಲ್ಲಿ ಹೇಜಲ್ ಚಂಡಮಾರುತಕ್ಕೆ ಅಲ್ಲಿ 81 ಜನ ಸತ್ತರು. ಟೊರಾಂಟೊದಲ್ಲಿ ನದಿಯಂಚಿನ ಒಂದು ಬೀದಿಯಲ್ಲೇ 35 ಜನ. ಅದಾದ ಮೇಲೆ ಪ್ರಾಧಿಕಾರಗಳು ನೆರೆ ಬರುವ ನೆಲದಲ್ಲಿ ಕಟ್ಟುವುದನ್ನು ನಿರ್ಬಂಧಿಸಿದವು. ಜತೆಗೆ ಸಾರ್ವಜನಿಕ ಹಣದಿಂದ ಅಂಥ ಜಮೀನನ್ನು ಕೊಂಡುಕೊಂಡವು. ಟೊರಾಂಟೊದ ನದಿ ಕಣಿವೆಗಳಲ್ಲಿ ಇಂದು ಉದ್ಯಾನಗಳಿರುವುದಕ್ಕೆ ಇದೂ ಕಾರಣ. ಅಲ್ಲೂ ಬಿಲ್ಡರುಗಳ ಒತ್ತಡ ತಪ್ಪಿದ್ದಲ್ಲ. ಆದರೆ ನಿಷೇಧದ ಜತೆ ಖರೀದಿಯೂ ಇತ್ತು. 111ನೇ ಆದೇಶದಲ್ಲಿ ನಿಷೇಧವಷ್ಟೇ ಇತ್ತು.

2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ 69ನೇ ಆದೇಶದ ಮೂಲಕ 111ರ ನಿರ್ಬಂಧಗಳನ್ನು ಸಡಿಲಿಸಿತು. ಮರುವರ್ಷ ಮೇ ತಿಂಗಳಲ್ಲಿ ಅದನ್ನು ಪೂರ್ತಿ ಕೈಬಿಡುವ ತೀರ್ಮಾನವನ್ನು ಸಚಿವ ಸಂಪುಟ ಪ್ರಕಟಿಸಿತು. ಕೊಟ್ಟ ಕಾರಣ ಸರಳ: ಕೃಷ್ಣಾ, ಗೋದಾವರಿಗಳಿಂದ ನೀರು ಬರುತ್ತಿದೆ, ನಗರ ಈಗ ಈ ಎರಡು ಜಲಾಶಯಗಳನ್ನು ನೆಚ್ಚಿಕೊಂಡಿಲ್ಲ. ಕುಡಿಯುವ ನೀರಿನ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಆದೇಶವೇ ಕುಡಿಯುವ ನೀರಿನ ಶುದ್ಧತೆಯ ಭಾಷೆಯಲ್ಲಿ ಇದ್ದುದರಿಂದ, ಆ ಅಗತ್ಯ ಕಡಿಮೆಯಾದಾಗ ಅದರ ಬುನಾದಿಯೂ ಅಲುಗಿತು. ಜಲಾಶಯ ಕಟ್ಟಿದ ಮೊದಲ ಕಾರಣ ಮಾತ್ರ ಹಾಗೇ ಇದೆ. ಮೇಲಿನ ನೆಲ ಕಾಂಕ್ರೀಟ್ ಆದಷ್ಟೂ ಮಳೆ ನೀರು ಇಂಗದೆ ಬೇಗ ಓಡುತ್ತದೆ. ಜಲಾಶಯ ಬೇಗ ತುಂಬುತ್ತದೆ. ತುಂಬಿದರೆ ಗೇಟು ತೆರೆಯಲೇಬೇಕು. ಕೃಷ್ಣೆಯ ಪೈಪಿನಿಂದ ಬಾಯಾರಿಕೆ ತೀರೀತು, ನೆರೆ ನಿಲ್ಲದು.

2020ರ ಅಕ್ಟೋಬರ್‌ನ ಮಳೆಗೆ ಹಿಮಾಯತ್ ಸಾಗರದ ಗೇಟುಗಳನ್ನು ತೆರೆದಾಗ ಇದು ನೆನಪಾಗಬೇಕಿತ್ತು. 2024ರ ಜುಲೈನಲ್ಲಿ ಸರ್ಕಾರ ‘ಹೈಡ್ರಾ’ ಎಂಬ ಸಂಸ್ಥೆ ರಚಿಸಿತು. ಅದು ಕೆರೆಗಳ ಎಫ್‌ಟಿಎಲ್ ಒಳಗಿನ ಕಟ್ಟಡಗಳನ್ನು ಕೆಡವಿತು. ಗಂಡಿಪೇಟೆಯ ದಂಡೆಯವೂ ಅದರಲ್ಲಿದ್ದವು. ಒತ್ತುವರಿ ತೆರವಾಗಬೇಕು ನಿಜ. ಆದರೆ ಒಂದು ಕಡೆ ಹತ್ತು ಕಿಲೋಮೀಟರಿನ ಗೆರೆಯನ್ನು ಅಳಿಸುತ್ತಾ ಇನ್ನೊಂದು ಕಡೆ ಮೂವತ್ತು ಮೀಟರಿನ ಗೆರೆಯ ಮೇಲೆ ಜೆಸಿಬಿ ಓಡಿಸಿದರೆ, ಕೆರೆಗೆ ಅಂಚು ಉಳಿದೀತು, ನೀರು ಬರುವ ದಾರಿ ಉಳಿಯದು.

ಉಸ್ಮಾನಿಯಾ ಆಸ್ಪತ್ರೆಯಿಂದ ಸ್ವಲ್ಪ ದೂರದಲ್ಲಿ, ಮೂಸಿಯ ನಡುಗಡ್ಡೆಯಂಥ ಜಾಗದಲ್ಲಿ ನಗರದ ದೊಡ್ಡ ಬಸ್ ನಿಲ್ದಾಣವಿದೆ. ಬೀದರ್, ಕಲಬುರಗಿ, ರಾಯಚೂರಿನ ಬಸ್ಸುಗಳು ಹೊರಡುವುದು ಅಲ್ಲಿಂದಲೇ. ಆ ಜಾಗದ ಹೆಸರು ಇಮ್ಲಿಬನ್, ಹುಣಸೆ ತೋಪು. 2025ರ ಸೆಪ್ಟೆಂಬರ್ ಕೊನೆಯ ವಾರ, ಮೇಲಿನ ಜಲಾಶಯಗಳಿಂದ ನೀರು ಬಿಟ್ಟ ರಾತ್ರಿ, ಮೂಸಿ ಆ ನಿಲ್ದಾಣದೊಳಗೆ ಬಂತು. 1908ರ ನೆರೆ ಬಂದದ್ದೂ ಅದೇ ವಾರದಲ್ಲಿ.