ತುದಿಗೆ ಏಟು, ಬುಡಕ್ಕೆ ಪೆಟ್ಟು

ಚನ್ನಪಟ್ಟಣದ ಹೆದ್ದಾರಿ ಬದಿಯ ಬೊಂಬೆ ಅಂಗಡಿಯೊಂದರಲ್ಲಿ ಹಾಲೆ ಮರದ ಪುಟ್ಟ ವಿಮಾನ ರೆಕ್ಕೆ ಮುರಿದುಕೊಂಡು ಮೂಲೆಯಲ್ಲಿ ಬಿದ್ದಿತ್ತು. ಸೇರಿಸಿ ಕೊಡ್ತೀರಾ ಅಂತ ಕೇಳಿದೆ. ಅರಗಿನ ಬಣ್ಣ ಹತ್ತಿದ ಹೆಬ್ಬೆರಳಲ್ಲಿ ಮುರಿದ ಅಂಚನ್ನು ಸವರಿ ನೋಡಿದ ಕುಶಲಕರ್ಮಿ, “ಅಂಟು ಹಾಕಿದ್ರೆ ಷೋಕೇಸಲ್ಲಿ ನಿಲ್ಲುತ್ತೆ ಸಾರ್. ಮಗು ಕೈಗೆ ಕೊಟ್ರೆ ನಿಲ್ಲಲ್ಲ” ಅಂದರು. ಸುಮ್ಮನೆ ಕೂತಾಗ ತಾಳುವ ಬೆಸುಗೆ ಬೇರೆ, ದಿನಾ ಆಡಿಸಿದಾಗ ತಾಳುವ ಬೆಸುಗೆ ಬೇರೆ. ಇದನ್ನು ಚೆನ್ನಾಗಿ ಅರಿಯಲು ನಿಜವಾದ ವಿಮಾನದವರಿಗೆ ಅರ್ಧ ಶತಮಾನ ಹಿಡಿಯಿತು, ಸಾಕಷ್ಟು ಜೀವಗಳೂ ಹೋದವು.

ಮೊದಲ ಕಾಲದ ರೆಕ್ಕೆಯೂ ಮರದ್ದೇ. ಮಾಗಡಿ, ಕನಕಪುರ ಕಡೆಯ ಹಳೇ ತೊಟ್ಟಿಮನೆಯ ಮಾಡನ್ನು ನೆನೆಸಿಕೊಂಡರೆ ಸಾಕು: ಉದ್ದಕ್ಕೆ ಒಂದೆರಡು ತೊಲೆ, ಅಡ್ಡಕ್ಕೆ ಜಂತೆಗಳಂತೆ ಸಾಲು ಪಕ್ಕೆಲುಬು, ಮೇಲೆ ಹೆಂಚಿನ ಬದಲು ಬಟ್ಟೆ. ತೊಲೆಗೆ ಸ್ಪಾರ್ ಅನ್ನುತ್ತಾರೆ. ಬಟ್ಟೆಯನ್ನು ಹೊಲಿದು, ಡೋಪ್ ಎಂಬ ವಾರ್ನಿಷ್ ಬಳಿದು, ಮದ್ದಳೆಯ ಚರ್ಮದ ಹಾಗೆ ಬಿಗಿ ಮಾಡುತ್ತಿದ್ದರು. ಬಟ್ಟೆ ಹರಿದರೆ ದರ್ಜಿಯ ಕೆಲಸ, ಪಕ್ಕೆಲುಬು ಮುರಿದರೆ ಬಡಗಿಯ ಕೆಲಸ. ಸ್ಪಾರ್ ಬಿರುಕು ಬಿಟ್ಟರೆ ಮಾತ್ರ ಹ್ಯಾಂಗರಿನಲ್ಲಿ ಮಾತು ನಿಲ್ಲುತ್ತಿತ್ತು. ಅದನ್ನೂ ಸೇರಿಸಬಹುದಿತ್ತು, ಆದರೆ ನೇರಕ್ಕೆ ಕೊಯ್ದು ಅಂಟಿಸುವ ಹಾಗಿಲ್ಲ. ಒಂದು ಅಂಗುಲ ದಪ್ಪಕ್ಕೆ ಹತ್ತು ಹನ್ನೆರಡು ಅಂಗುಲ ಉದ್ದದ ಓರೆ ಕೊಯ್ತ ಬೇಕು. ಹಾಗೆ ಮಾಡಿದಾಗ ಅಂಟಿಗೆ ವಿಶಾಲ ಜಾಗ ಸಿಕ್ಕಿ, ಭಾರ ಒಂದು ತುಂಡಿನಿಂದ ಇನ್ನೊಂದಕ್ಕೆ ಮೆಲ್ಲಗೆ ದಾಟುತ್ತದೆ.

ಅಂಟಿನ ಮೇಲಿನ ಈ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1931ರ ಮಾರ್ಚ್‌ನಲ್ಲಿ. ಅಮೆರಿಕದ ಕಾನ್ಸಾಸ್‌ನಲ್ಲಿ ಫಾಕರ್ ಪ್ರಯಾಣಿಕ ವಿಮಾನದ ಮರದ ರೆಕ್ಕೆ ಆಕಾಶದಲ್ಲೇ ಕಳಚಿತು. ಪ್ರಸಿದ್ಧ ಫುಟ್ಬಾಲ್ ಕೋಚ್ ನ್ಯೂಟ್ ರಾಕ್ನಿ ತೀರಿಕೊಂಡರು. ತೇವ ಒಳಗೆ ಸೇರಿ ಅಂಟನ್ನು ತಿಂದಿತ್ತು, ಹೊರಗಿಂದ ನೋಡಿದವರಿಗೆ ಏನೂ ಕಂಡಿರಲಿಲ್ಲ. 1944ರಲ್ಲಿ ಇದೇ ಪಾಠ ನಮ್ಮ ಹವೆಯಲ್ಲೂ ಆಯಿತು. ಭಾರತ, ಬರ್ಮಾ ಕಡೆಗೆ ಬಂದ ಬ್ರಿಟಿಷರ ಮಾಸ್ಕಿಟೋ ಯುದ್ಧವಿಮಾನಗಳ ರೆಕ್ಕೆಯ ಪದರಗಳು ಬಿಟ್ಟುಕೊಳ್ಳತೊಡಗಿದವು. ತಪ್ಪು ಕಾರ್ಖಾನೆಯದೋ ಮಳೆಗಾಲದ್ದೋ ಎಂದು ಬಹಳ ವಾದ ನಡೆಯಿತು. ಮಳೆಗಾಲದಲ್ಲಿ ಬಾಗಿಲ ಚೌಕಟ್ಟು ಊದಿಕೊಳ್ಳುವುದನ್ನು ಕಂಡ ನಮ್ಮವರನ್ನು ಕೇಳಿದ್ದರೆ ಎರಡೂ ಇರಬಹುದು ಅಂದಿರುತ್ತಿದ್ದರು.

ಅಷ್ಟರಲ್ಲಿ ಬೆಂಗಳೂರು ಈ ಕಥೆಯೊಳಗೆ ಬಂದಾಗಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಆರಂಭಿಸಿದ್ದು ವಿಮಾನ ಕಟ್ಟಲಿಕ್ಕೆ. ಯುದ್ಧ ಅದನ್ನು ರಿಪೇರಿ ಶೆಡ್ಡಾಗಿ ಮಾಡಿತು. 1943ರಿಂದ ಅಮೆರಿಕದ ವಾಯುಪಡೆಯ ಡಿಪೋ ಆಗಿ ಕೆಲಸ ಮಾಡಿದ ಆ ಶೆಡ್ಡಿನಲ್ಲಿ ಬಾಂಬರು, ಸಾಗಣೆ ವಿಮಾನ, ನೀರಿಗಿಳಿಯುವ ಕ್ಯಾಟಲೀನಾ ಎಲ್ಲವೂ ಬಿಚ್ಚಿಸಿಕೊಂಡು ಮತ್ತೆ ಕಟ್ಟಿಸಿಕೊಂಡವು. ನಮ್ಮ ಊರುಗಳ ಹುಡುಗರು ರಿವೆಟ್ ಹೊಡೆಯುವುದನ್ನು ಕಲಿತದ್ದು ಹೊಸ ವಿಮಾನಗಳಿಗಿಂತ ಹೆಚ್ಚಾಗಿ ಗಾಯಗೊಂಡ ವಿಮಾನಗಳ ಮೇಲೆ.

ಆ ಕಲಿಕೆ ಕೈಹಿಡಿದದ್ದು ಸ್ವಾತಂತ್ರ್ಯದ ನಂತರ. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋದರು. ಯಾರೂ ಬಳಸಬಾರದೆಂದು ಬೇಕಂತಲೇ ಕೆಡಿಸಿಟ್ಟು ಹೋಗಿದ್ದರು. ಎಂಜಿನ್ನಿಗೆ ಮರಳು ಸುರಿದಿದ್ದರು, ಒಡಲಿಗೆ ತೂತು ಹೊಡೆದಿದ್ದರು. ಪರಿಣತರಿಗೆಲ್ಲ ಅದು ಗುಜರಿ. ಹೊಸ ಬಾಂಬರು ಕೊಳ್ಳಲು ದುಡ್ಡಿಲ್ಲದ, ಮಾರುವವರೂ ಸುಲಭಕ್ಕೆ ಸಿಗದ ಹೊಸ ದೇಶಕ್ಕೆ ಮಾತ್ರ ಅದು ಗುಜರಿಯಾಗಿ ಕಾಣಲಿಲ್ಲ. ಒಂದರ ಭಾಗ ಇನ್ನೊಂದಕ್ಕೆ ಹಾಕಿ ಹಾರುವಷ್ಟು ಮಾಡಿದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ, 1948ರ ನವೆಂಬರ್‌ನಲ್ಲಿ ಮೊದಲ ಆರು ವಿಮಾನಗಳು ವಾಯುಪಡೆ ಸೇರಿದವು. ಸುಮಾರು 40 ವಿಮಾನಗಳು ಹೀಗೆ ಎದ್ದು ನಿಂತವು, 1968ರವರೆಗೆ ದುಡಿದವು. ವಿದೇಶಿ ಮ್ಯೂಸಿಯಮ್ಮುಗಳಲ್ಲಿ ಇಂದು ನಿಂತಿರುವ ಕೆಲವು ಲಿಬರೇಟರ್‌ಗಳು ಇಲ್ಲಿಂದ ಹೋದವೇ. ರಿಪೇರಿ ಮಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಲೋಹವೊಂದೇ ಉತ್ತರ ಹೇಳುವುದಿಲ್ಲ, ಬದಲಿ ಸಿಗುತ್ತದೆಯೇ ಇಲ್ಲವೇ ಎಂಬುದೂ ಹೇಳುತ್ತದೆ.

ಇಲ್ಲೊಂದು ತಮಾಷೆ ಇದೆ. 1951ರಲ್ಲೇ ಪೂರ್ತಿ ಲೋಹದ ಎಚ್‌ಟಿ-2 ತರಬೇತಿ ವಿಮಾನ ಹಾರಿಸಿದ್ದ ಎಚ್‌ಎಎಲ್, 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಪುಷ್ಪಕ್ ತಂದಾಗ ಮತ್ತೆ ಬಟ್ಟೆಯ ರೆಕ್ಕೆಗೆ ಮರಳಿತು. ಹಿಂದಕ್ಕೆ ಹೋದಂತೆ ಕಾಣುತ್ತದೆ. ನನಗೇನೋ ಅದು ಜಾಣತನ ಅನ್ನಿಸುತ್ತದೆ: ಹೊಸ ಹುಡುಗರು ಬೇಲಿಗೆ ಗುದ್ದುವ ವಿಮಾನವನ್ನು ಕ್ಲಬ್ಬಿನ ಮೆಕ್ಯಾನಿಕ್ಕೇ ಸರಿಮಾಡುವಂತಿರಬೇಕು.

ಲೋಹದ ಕಾಲದಲ್ಲಿ ಪ್ರಶ್ನೆಯೇ ಬದಲಾಯಿತು. 1954ರಲ್ಲಿ ಎರಡು ಕಾಮೆಟ್ ಪ್ರಯಾಣಿಕ ಜೆಟ್ಟುಗಳು ಆಕಾಶದಲ್ಲಿ ಒಡೆದ ಮೇಲೆ ‘ಎಷ್ಟು ಗಟ್ಟಿ’ ಎಂದು ಕೇಳುತ್ತಿದ್ದವರು ‘ಇನ್ನೆಷ್ಟು ದಿನ’ ಎಂದು ಕೇಳತೊಡಗಿದರು. ತಂತಿಯನ್ನು ಹತ್ತು ಸಲ ಬಗ್ಗಿಸಿದರೆ ತುಂಡಾಗುವ ಹಾಗೆ, ಲೋಹವೂ ದಣಿಯುತ್ತದೆ. ದಣಿವು ಶುರುವಾಗುವುದು ರಿವೆಟ್ ತೂತಿನಂಥ ಜಾಗದಲ್ಲಿ, ರಿಪೇರಿ ಎಂದರೆ ಇನ್ನಷ್ಟು ರಿವೆಟ್ ತೂತುಗಳು. ಜಪಾನಿನ ಬೋಯಿಂಗ್ 747 ಒಂದು 1978ರಲ್ಲಿ ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿಕೊಂಡಿತು. ರಿಪೇರಿ ಮಾಡುವಾಗ, ಒಳಗಿನ ಗಾಳಿಯ ಒತ್ತಡ ತಡೆಯುವ ಹಿಂದಿನ ಗೋಡೆಗೆ ಹಾಕಿದ ಜೋಡಣೆ ಪಟ್ಟಿಯನ್ನು ಅಖಂಡವಾಗಿ ಹಾಕುವ ಬದಲು ಎರಡು ತುಂಡು ಮಾಡಿದ್ದರು. ಭಾರ ಎರಡು ಸಾಲು ರಿವೆಟ್ಟಿನ ಬದಲು ಒಂದೇ ಸಾಲಿನ ಮೇಲೆ ಬಿತ್ತು. ಏಳು ವರ್ಷ ಹಾರಿತು. 1985ರ ಆಗಸ್ಟ್ 12ರಂದು ಗೋಡೆ ಒಡೆಯಿತು, 520 ಜನ ಸತ್ತರು. ಷೋಕೇಸಿನಲ್ಲಿ ನಿಂತದ್ದು ಮಗುವಿನ ಕೈಯಲ್ಲಿ ನಿಲ್ಲಲಿಲ್ಲ.

ಎರಡು ನಾಲ್ಕು ಸೀಟಿನ ವಿಮಾನಕ್ಕೂ ಲೆಕ್ಕ ಇದೇ. ರೆಕ್ಕೆಯ ತುದಿ ಕಂಬಕ್ಕೆ ತಾಗಿ ನೆಗ್ಗಾಗಿದೆ ಅಂದುಕೊಳ್ಳಿ. ಅನುಭವಿ ಎಂಜಿನಿಯರ್ ಆ ನೆಗ್ಗನ್ನು ಒಮ್ಮೆ ನೋಡಿ ಬಿಟ್ಟು ಬುಡಕ್ಕೆ ಹೋಗುತ್ತಾರೆ, ರೆಕ್ಕೆ ಒಡಲಿಗೆ ಕೂಡುವಲ್ಲಿಗೆ. ಅಷ್ಟುದ್ದದ ರೆಕ್ಕೆ ಸನ್ನೆಗೋಲಿದ್ದಂತೆ. ತುದಿಗೆ ಬಿದ್ದ ಏಟು ಬುಡದಲ್ಲಿ ಹಲವು ಪಟ್ಟಾಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ತಗಡಿನ ಮೇಲೆ ಬೆಳಕು ಹಾಯಿಸುತ್ತಾರೆ: ನೆರಿಗೆ ಇದೆಯೇ? ರಿವೆಟ್ ತಲೆಯ ಸುತ್ತ ಕಪ್ಪು ಗೆರೆ ಎದ್ದಿದೆಯೇ? ಎದ್ದಿದ್ದರೆ ರಿವೆಟ್ ಸಡಿಲಾಗಿ ಉಜ್ಜಾಡುತ್ತಿದೆ. ಬೋಲ್ಟ್ ಬಿಚ್ಚಿ ತೂತು ದುಂಡಗಿದೆಯೋ ಮೊಟ್ಟೆಯಾಕಾರವಾಗಿದೆಯೋ ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿಗೆ ಬಣ್ಣದ ದ್ರವ, ಇಲ್ಲವೇ ಲೋಹದಲ್ಲಿ ವಿದ್ಯುತ್ತಿನ ಸುಳಿ ಎಬ್ಬಿಸಿ ನೋಡುವ ಎಡ್ಡಿ ಕರೆಂಟ್ ಪರೀಕ್ಷೆ. ಏಟೇ ಬೀಳದ ರೆಕ್ಕೆಯಲ್ಲೂ ಇದು ಬೇಕು: 2018ರಲ್ಲಿ ಫ್ಲಾರಿಡಾದ ತರಬೇತಿ ಶಾಲೆಯ ಪೈಪರ್ ವಿಮಾನವೊಂದರ ರೆಕ್ಕೆ ಹಾರಾಟದಲ್ಲೇ ಕಳಚಿತು, ಸ್ಪಾರಿನ ಕೆಳಪಟ್ಟಿಯ ಬೋಲ್ಟ್ ತೂತಿನಿಂದ ದಣಿವಿನ ಬಿರುಕು ಬೆಳೆದಿತ್ತು.

ಆಮೇಲೆ ಕಾಗದ. ತಯಾರಕರ ಕೈಪಿಡಿ ಒಪ್ಪುವ ರಿಪೇರಿಯಾದರೆ ಸರಿ. ಅದರಾಚೆಗಿನದಾದರೆ ಹೊಸ ವಿನ್ಯಾಸ, ಹೊಸ ಅನುಮೋದನೆ. ಕೊನೆಯಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ರುಜು ಹಾಕಬೇಕು. ಬಿಡಿಭಾಗ ಹೊರದೇಶದಿಂದ ಬರುವಷ್ಟರಲ್ಲಿ ತಿಂಗಳುಗಳು, ಹ್ಯಾಂಗರ್ ಬಾಡಿಗೆ ಬೇರೆ. ಎಷ್ಟೋ ರೆಕ್ಕೆಗಳು ಗುಜರಿ ಸೇರುವುದು ಸರಿಹೋಗದೆ ಅಲ್ಲ, ಲೆಕ್ಕ ಸರಿಹೋಗದೆ. ಇನ್ಶೂರೆನ್ಸಿನವರೂ ನೋಡುವುದು ಇದನ್ನೇ.

ಈಗ ಲೋಹದ ಜಾಗಕ್ಕೆ ಗಾಜುನಾರೂ ಬಂದಿದೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ಹಂಸ ಅಂಥ ಎರಡು ಸೀಟಿನ ವಿಮಾನ. ಇಂಥ ಒಡಲಿಗೆ ಪೆಟ್ಟು ಬಿದ್ದರೆ ನೆಗ್ಗೂ ಉಳಿಯುವುದಿಲ್ಲ. ಮೇಲ್ಮೈ ನೆಟ್ಟಗೆ ಎದ್ದು ನಿಂತು, ಒಳಗೆ ಪದರ ಬಿಟ್ಟಿರುತ್ತದೆ. ಮೊದಲ ಪರೀಕ್ಷೆ ನಾಣ್ಯದಿಂದ ತಟ್ಟಿ ನೋಡುವುದು. ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ಬಿಟ್ಟ ಜಾಗದಲ್ಲಿ ಬೊದ್ದು ಸದ್ದು. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆಟ್ಟ ಭಾಗವನ್ನು ಉಜ್ಜಿ ತೆಗೆದು ಹೊಸ ಪದರ ಕೂಡಿಸುವಾಗ ಅಂಚನ್ನು ಮತ್ತೆ ಉದ್ದಕ್ಕೆ ಓರೆ ಮಾಡುತ್ತಾರೆ, ಹಳೇ ಬಡಗಿಯ ಹಾಗೆಯೇ.

ರಾಮನಗರ ಸೀಮೆಗೆ ಈ ವಿಮಾನ ವಿದ್ಯೆಯ ನೆನಪೊಂದು ನೋವಿನದು. 2009ರ ಮಾರ್ಚ್ 6ರಂದು ಎನ್‌ಎಎಲ್‌ನ ಸಾರಸ್ ವಿಮಾನದ ಎರಡನೇ ಮಾದರಿ ಬಿಡದಿ ಬಳಿಯ ಬಯಲಿಗೆ ಬಿತ್ತು. ಆರಿಸಿದ ಎಂಜಿನ್ನನ್ನು ಹಾರುತ್ತಲೇ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ರೆಕ್ಕೆಯ ತಪ್ಪೇನೂ ಇರಲಿಲ್ಲ. ರಿಪೇರಿಯ ಮಾತಿಗೆ ಅಲ್ಲಿ ಎಡೆಯೂ ಇರಲಿಲ್ಲ. ಯೋಜನೆ ವರ್ಷಗಟ್ಟಲೆ ನಿಂತೇ ಹೋಯಿತು. 2004ರಲ್ಲಿ ಮೊದಲು ಹಾರಿದ್ದ ಹಳೇ ಮಾದರಿ ಬೆಂಗಳೂರಿನಲ್ಲಿ ನಿಂತಿತ್ತು. ಹೊಸದು ಕಟ್ಟುವ ಬದಲು ಅದನ್ನೇ ತೆರೆದು ನೋಡಿ, ಬೇಕಾದ್ದನ್ನು ಬದಲಿಸಿ, 2018ರ ಜನವರಿ 24ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮತ್ತೆ ಹಾರಿಸಿದರು.