ಯಂತ್ರದ ಬಾಯಿ, ಕೆಲಸಗಾರನ ಕೈ

‘ಹುಷಾರಾಗಿ ಕೆಲಸ ಮಾಡಿ’ ಎಂಬ ಫಲಕವಿಲ್ಲದ ಕಾರ್ಖಾನೆ ಅಪರೂಪ. ಒಂದೇ ಕೆಲಸವನ್ನು ಪಾಳಿಯುದ್ದಕ್ಕೂ ಮಾಡುವ ಕೈ ಎಲ್ಲೋ ಒಮ್ಮೆ ತಪ್ಪಿಯೇ ತಪ್ಪುತ್ತದೆ. ಸುರಕ್ಷಾ ಸಾಧನ ಇರುವುದು ಆ ಒಂದು ಸಲಕ್ಕಾಗಿ. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಆವರಣ ಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಸೆಕ್ಷನ್ ವಿಧಿಸಿತ್ತು. ಆದರೆ ಮಾಲು ಹಾಕಿ ತೆಗೆಯಲು ಯಂತ್ರದ ಬಾಯಿ ತೆರೆದಿರಲೇಬೇಕಲ್ಲ, ತೊಡಕಿರುವುದು ಅಲ್ಲೇ.

ಲೈಟ್ ಕರ್ಟನ್

ಪವರ್ ಪ್ರೆಸ್ಸಿನ ಎರಡೂ ಬದಿಗೆ ತೆಳ್ಳನೆಯ ಕಂಬಗಳು, ನಡುವೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳ ಸಾಲು. ಕೈ ಅಡ್ಡ ಬಂದೊಡನೆ ಯಂತ್ರಕ್ಕೆ ನಿಲ್ಲುವ ಸೂಚನೆ ಹೋಗುತ್ತದೆ. ಬೆರಳನ್ನೂ ಹಿಡಿಯಬೇಕಾದರೆ 14 ಮಿ.ಮೀ. ದಪ್ಪದ ವಸ್ತುವನ್ನು ಗುರುತಿಸುವ ಕರ್ಟನ್ ಹಾಕುತ್ತಾರೆ.

ಸೂಚನೆ ಹೋದ ಕ್ಷಣಕ್ಕೆ ಪ್ರೆಸ್ ನಿಲ್ಲುವುದಿಲ್ಲ. ಐಎಸ್‌ಒ 13855 ಮಾನದಂಡ ಮುನ್ನುಗ್ಗುವ ಕೈಯ ವೇಗವನ್ನು ಸೆಕೆಂಡಿಗೆ 2000 ಮಿ.ಮೀ. ಎಂದು ಹಿಡಿಯುತ್ತದೆ. ಕಿರಣ ಕಡಿದಾಗಿನಿಂದ ಯಂತ್ರ ಪೂರ್ತಿ ನಿಲ್ಲಲು 0.2 ಸೆಕೆಂಡ್ ಬೇಕಾದರೆ ಅಷ್ಟರಲ್ಲಿ ಕೈ 400 ಮಿ.ಮೀ. ಸಾಗಿರುತ್ತದೆ. ಹಾಗಾಗಿ 14 ಮಿ.ಮೀ. ಕರ್ಟನ್ ಮಾಲನ್ನು ಒತ್ತುವ ಅಚ್ಚಿನಿಂದ (ಡೈ) ಕನಿಷ್ಠ ಅಷ್ಟು ದೂರದಲ್ಲಿರಬೇಕು. ಬ್ರೇಕ್ ಸವೆದು ಆ ಸಮಯ 0.25 ಸೆಕೆಂಡ್ ಆಯಿತೆನ್ನಿ, ಬೇಕಾಗುವ ದೂರ 500 ಮಿ.ಮೀ. ಕಂಬಗಳು ಮಾತ್ರ ಹಳೆಯ ಜಾಗದಲ್ಲೇ ನಿಂತಿರುತ್ತವೆ, ಹಸಿರು ದೀಪವೂ ಉರಿಯುತ್ತಲೇ ಇರುತ್ತದೆ. ನಿಲ್ಲುವ ಸಮಯವನ್ನು ಆಗಾಗ ಅಳೆಯಬೇಕಾದದ್ದು ಇದಕ್ಕೇ.

ಹಳೆಯ ಪಿನ್ ಕ್ಲಚ್ ಪ್ರೆಸ್ಸುಗಳ ಪಾಡು ಬೇರೆ. ಕ್ಲಚ್ ಒಮ್ಮೆ ಕಚ್ಚಿತೆಂದರೆ ಸುತ್ತು ಮುಗಿಯುವವರೆಗೆ ಬಿಡದು. ಅಂಥದಕ್ಕೆ ಲೈಟ್ ಕರ್ಟನ್ ಕಟ್ಟುವುದು ಬರೀ ತೋರಿಕೆ. ಕೈ ಒಳಹೋಗದಂತೆ ತಡೆಯುವ ಗಟ್ಟಿ ಗಾರ್ಡೇ ಬೇಕು.

ಇಂಟರ್‌ಲಾಕ್ ಮತ್ತು ಜೋಡಿ ಬಟನ್

ಗಾರ್ಡಿನ ಬಾಗಿಲು ತೆರೆದರೆ ಯಂತ್ರ ನಿಲ್ಲುವಂತೆ ಮಾಡುವುದು ಇಂಟರ್‌ಲಾಕ್ ಸ್ವಿಚ್. ಇದನ್ನೇ ಹೆಚ್ಚಾಗಿ ಬೈಪಾಸ್ ಮಾಡುವುದು: ತಂತಿ ತುಂಡೋ ಬಿಡಿ ಕೀಲಿಯೋ ಸಾಕು. ಆಪರೇಟರನ್ನು ಬೈಯುವ ಮೊದಲು, ಮಾಲು ಸಿಕ್ಕಿಕೊಂಡಾಗಲೆಲ್ಲ ಬಾಗಿಲು ತೆಗೆಯಬೇಕಾದ ಯಂತ್ರವನ್ನು ವಿನ್ಯಾಸ ಮಾಡಿದವರು ಯಾರೆಂದು ಕೇಳುವುದು ನ್ಯಾಯ.

ಎರಡು ಬಟನ್‌ಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಓಡುವ ಯಂತ್ರಗಳೂ ಇವೆ. ಒಂದನ್ನು ಟೇಪಿನಿಂದ ಅಂಟಿಸಿಟ್ಟರೆ ಯಂತ್ರ ಏಳುವುದಿಲ್ಲ. ಆದರೆ ಇದು ಕಾಯುವುದು ಬಟನ್ ಒತ್ತಿದವನ ಕೈಗಳನ್ನಷ್ಟೇ, ಪಕ್ಕದಲ್ಲಿ ನಿಂತವನದ್ದನ್ನಲ್ಲ.

ಎಮರ್ಜೆನ್ಸಿ ಸ್ಟಾಪ್

ಹಳದಿ ಹಿನ್ನೆಲೆಯ ಕೆಂಪು ಬಟನ್ ಎಲ್ಲರಿಗೂ ಗೊತ್ತು. ಇದು ಗಾರ್ಡಿಗೆ ಬದಲಿಯಲ್ಲ. ಯಾರಾದರೂ ನೋಡಿ ಒತ್ತಬೇಕು.

ರೋಬೋಟ್ ಇರುವಲ್ಲಿ

1979ರ ಜನವರಿ 25ರಂದು ಅಮೆರಿಕದ ಮಿಷಿಗನ್‌ನ ಫ್ಲ್ಯಾಟ್ ರಾಕ್‌ನಲ್ಲಿದ್ದ ಫೋರ್ಡ್ ಎರಕದ ಕಾರ್ಖಾನೆಯಲ್ಲಿ ಬಿಡಿಭಾಗ ತರಲು ರ‍್ಯಾಕ್ ಏರಿದ್ದ ರಾಬರ್ಟ್ ವಿಲಿಯಮ್ಸ್, ರೋಬೋಟ್ ತೋಳಿನ ಹೊಡೆತಕ್ಕೆ ಸಿಕ್ಕಿ ತೀರಿಕೊಂಡರು. ರೋಬೋಟಿನಿಂದ ಸಂಭವಿಸಿದ ಮೊದಲ ಸಾವೆಂದು ಇದನ್ನು ಗುರುತಿಸುತ್ತಾರೆ. ಇಂದು ರೋಬೋಟಿನ ಸುತ್ತ ಇಂಟರ್‌ಲಾಕ್ ಇರುವ ಬೇಲಿ, ಲೇಸರ್ ಸ್ಕ್ಯಾನರ್ ಸಾಮಾನ್ಯ. ಒಳಗೆ ನಿಂತು ರೋಬೋಟಿಗೆ ಚಲನೆ ಕಲಿಸುವಾಗ ಅದರ ವೇಗ ಸೆಕೆಂಡಿಗೆ 250 ಮಿ.ಮೀ. ಮೀರುವಂತಿಲ್ಲ. ಕೈಯಲ್ಲಿ ಹಿಡಿದ ನಿಯಂತ್ರಣ ಸಾಧನದ (ಪೆಂಡೆಂಟ್) ಸ್ವಿಚ್ಚಿಗೆ ಮೂರು ಸ್ಥಿತಿಗಳು. ನಡುವಿನದರಲ್ಲಿ ಹಿಡಿದಿದ್ದರಷ್ಟೇ ತೋಳು ಅಲುಗುತ್ತದೆ. ಹೆದರಿದವನು ಸ್ವಿಚ್ ಕೈಬಿಡಬಹುದು, ಇಲ್ಲವೇ ಬಿಗಿಯಾಗಿ ಅದುಮಬಹುದು. ಎರಡರಲ್ಲೂ ರೋಬೋಟ್ ನಿಲ್ಲುತ್ತದೆ.