ಕಲ್ಲಹಳ್ಳಿಯಿಂದ ಜ್ಞಾನಭಾರತಿಗೆ: ಶ್ರಾವಕರ ಗೃಹಪಾಕದ ಪರಂಪರೆ

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ ದೀಕ್ಷಾಕಲ್ಯಾಣವಾದ ಬಳಿಕ ಭಗವಾನ್ ಆದಿನಾಥರ ಆಹಾರಚರ್ಯೆಯ ಪ್ರಸಂಗ ಬರುತ್ತದೆ. ಆರು ತಿಂಗಳ ಯೋಗವನ್ನು ಮುಗಿಸಿ ಆಹಾರಕ್ಕಾಗಿ ಹೊರಟ ಸ್ವಾಮಿಗೆ ಊರೂರಿನ ಜನರು ಆನೆ ಕುದುರೆಗಳನ್ನೂ ರತ್ನ ವಸ್ತ್ರಗಳನ್ನೂ ತಂದೊಪ್ಪಿಸಿದರು. ಒಂದು ತುತ್ತು ಅನ್ನವನ್ನು ಹೇಗೆ ನೀಡಬೇಕೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಸ್ವಾಮಿಯು ಮೌನದಿಂದ ಮುಂದೆ ಮುಂದೆ ನಡೆದನು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಪೂರ್ವಜನ್ಮದ ಸ್ಮರಣೆಯಿಂದ ವಿಧಿಯನ್ನರಿತು ಕಬ್ಬಿನ ರಸವನ್ನು ನೀಡಿದನು. ಆ ದಿನವೇ ಅಕ್ಷಯತೃತೀಯೆ. ಅರಮನೆಯಲ್ಲಿ ಪಕ್ವಾನ್ನಗಳಿಗೆ ಕೊರತೆಯಿದ್ದಿರಲಾರದು. ಆದರೂ ಪುರಾಣವು ಮೊದಲ ಆಹಾರದಾನಕ್ಕೆ ಆರಿಸಿದ್ದು ಮನೆಯಲ್ಲಿ ಸಿದ್ಧವಾಗಿದ್ದ, ದಣಿದ ದೇಹಕ್ಕೆ ಹಿತವಾದ, ನಾಲಗೆಗೂ ಸವಿಯಾದ ಪದಾರ್ಥವನ್ನು.

ಈ ಪ್ರಸಂಗವನ್ನು ಪ್ರತಿಷ್ಠಾ ಮಂಟಪದಲ್ಲಿ ಭಕ್ತಿಯಿಂದ ವೀಕ್ಷಿಸಿ ಮನೆಗೆ ಮರಳುವ ಶ್ರಾವಕ ಶ್ರಾವಿಕೆಯರನ್ನು ಮನೆಯ ಅಡುಗೆಯ ಪ್ರಶ್ನೆ ಎದುರುಗೊಳ್ಳುತ್ತದೆ. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯವು ೧೯೭೩ರಲ್ಲಿ ನಗರದ ಪಶ್ಚಿಮದಂಚಿನ ಜ್ಞಾನಭಾರತಿಗೆ ಬಂದಾಗ ಸುತ್ತಲೂ ಹೊಲಗಳೂ ಹಳ್ಳಿಗಳೂ ಇದ್ದವು. ಇಂದು ಮಲ್ಲತ್ತಹಳ್ಳಿ, ನಾಗರಭಾವಿ, ಕೆಂಗೇರಿ ಉಪನಗರಗಳವರೆಗೆ ಬಡಾವಣೆಗಳು ಒಂದನ್ನೊಂದು ಮುಟ್ಟಿವೆ. ೨೦೨೧ರ ಆಗಸ್ಟ್ ತಿಂಗಳಿನಿಂದ ಮೆಟ್ರೋ ರೈಲೂ ಓಡುತ್ತಿದೆ. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮರಳುವ ಮನೆಗಳು ಇಲ್ಲಿ ಬಹಳ. ಬಾಗಿಲಿಗೇ ಊಟ ತಂದುಕೊಡುವ ವ್ಯವಸ್ಥೆಯೂ ಕೈಬೆರಳ ತುದಿಯಲ್ಲಿದೆ. ಇಂಥ ಮನೆಗಳಲ್ಲಿ ಕಿರಿಯರು ಹಿರಿಯರನ್ನು ಕೇಳುವುದಿಷ್ಟು: ನಿಯಮದ ಅಡುಗೆ ಮೈಗೆ ಒಳ್ಳೆಯದೇ ಇರಬಹುದು, ಆದರೆ ಅದು ಬಾಯಿಗೆ ಹಿಡಿಸುವುದೇ? ದುಡಿಯುವವರ ಮನೆಯಲ್ಲಿ ದಿನವೂ ಸಾಗುವುದೇ? ಇದು ಉದ್ಧಟತನದ ಪ್ರಶ್ನೆಯೆಂದು ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಕನ್ನಡ ನಾಡಿನ ಜೈನ ಪರಂಪರೆಯು ಇದನ್ನು ಸಾವಿರ ವರ್ಷಗಳಿಗೂ ಹಿಂದಿನಿಂದ ಗಂಭೀರವಾಗಿಯೇ ಎದುರಿಸಿದೆ.

ಶ್ರಾವಕಾಚಾರ ಗ್ರಂಥಗಳಲ್ಲಿ ಅತ್ಯಂತ ಮಾನ್ಯವಾದ ರತ್ನಕರಂಡಕವನ್ನು ರಚಿಸಿದ ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಬಿಡಬೇಕೆನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ: ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳ. ಅದರ ಮುಂದಿನ ಪದ್ಯದಲ್ಲಿಯೇ ಅನಿಷ್ಟವಾದುದನ್ನೂ ತ್ಯಜಿಸಬೇಕೆಂಬ ವಿಧಿಯಿದೆ. ಪದಾರ್ಥವು ಭಕ್ಷ್ಯವೇ ಆಗಿದ್ದರೂ ಅವರವರ ದೇಹಪ್ರಕೃತಿಗೆ ಒಗ್ಗದೆ ಬಾಧೆ ಕೊಡುವಂಥದು ಅನಿಷ್ಟವೆಂದು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಈ ಮಾತಿಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಹಸಿ ಶುಂಠಿಯನ್ನು ಬಿಟ್ಟೆವೆಂದು ಹೇಳಿಕೊಳ್ಳುವವರು ಅನೇಕರು; ಕರಿದ ತಿಂಡಿ ತಮಗೆ ಒಗ್ಗುವುದಿಲ್ಲವೆಂದು ತಿಳಿದೂ ಅದನ್ನು ವ್ರತದ ದೃಷ್ಟಿಯಿಂದ ಬಿಟ್ಟವರು ವಿರಳ. ಭಸ್ಮಕವ್ಯಾಧಿಯಿಂದ ನರಳಿ, ಎಷ್ಟು ಉಂಡರೂ ಅಡಗದ ಹಸಿವನ್ನು ಅನುಭವಿಸಿದರೆಂದು ಕಥೆಗಳು ಹೇಳುವ ಆಚಾರ್ಯರಿಂದಲೇ ಈ ವಿಧಿ ಬಂದಿರುವುದು ಗಮನಾರ್ಹ.

ಹಿತಾಹಿತದ ಈ ವಿಚಾರವನ್ನು ವೈದ್ಯಶಾಸ್ತ್ರಕ್ಕೆ ಒಯ್ದವರು ಉಗ್ರಾದಿತ್ಯಾಚಾರ್ಯರು. ಒಂಬತ್ತನೆಯ ಶತಮಾನದವರೆಂದು ವಿದ್ವಾಂಸರು ಗುರುತಿಸುವ ಇವರ ಸಂಸ್ಕೃತ ಗ್ರಂಥ ಕಲ್ಯಾಣಕಾರಕದ ಕೊನೆಯಲ್ಲಿ ಹಿತಾಹಿತಾಧ್ಯಾಯವೆಂಬ ಭಾಗವಿದೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ವೈದ್ಯರೂ ವಿದ್ವಾಂಸರೂ ನೆರೆದಿದ್ದಾಗ, ಮಾಂಸವು ಔಷಧವಾಗಿಯೂ ನಿಷ್ಪ್ರಯೋಜಕವೆಂದು ಅವರು ವಾದಿಸಿದರೆಂದು ಅಲ್ಲಿ ತಿಳಿದುಬರುತ್ತದೆ. ಕವಿರಾಜಮಾರ್ಗವು ಹುಟ್ಟಿದ ಸಭೆಯಲ್ಲಿಯೇ ಈ ಚರ್ಚೆಯೂ ನಡೆಯಿತೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದು, ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನು ನಾಡಿಗೆ ನೀಡಿದನು. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ಆಸಕ್ತರೆಂದು ಶ್ರಾವಕರನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೊಗಳುತ್ತವೆ. ಅನ್ನವೂ ಔಷಧವೂ ಒಂದೇ ಸಾಲಿನಲ್ಲಿ ನಿಂತಿವೆ.

ಇಷ್ಟಾದರೂ ಇದು ಪಥ್ಯದ ಮಾತು. ರುಚಿಯ ಮಾತು ಬೇರೆ. ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲೊಂದಾದ, ಸುಮಾರು ೯೨೦ರ ವಡ್ಡಾರಾಧನೆಯಲ್ಲಿ ಮನೆಗೆ ಬಂದ ಬ್ರಹ್ಮಚಾರಿಗೆ ಗೃಹಿಣಿಯು ಬಡಿಸುವ ತಿನಿಸುಗಳ ಪಟ್ಟಿಯಲ್ಲಿ ಇಡ್ಡಲಿಗೆಯೂ ಬರುತ್ತದೆ. ಇಂದು ಜಗತ್ತೇ ಬಲ್ಲ ಇಡ್ಡಲಿಯ ಮೊದಲ ಉಲ್ಲೇಖವೆಂದು ಆಹಾರ ಚರಿತ್ರಕಾರರು ಎತ್ತಿ ತೋರಿಸುವುದು ಇದನ್ನೇ. ಆ ಉಲ್ಲೇಖ ದೊರೆತಿರುವುದು ಜೈನ ಕಥಾಕೋಶವೊಂದರಲ್ಲಿ, ಅದೂ ಮನೆಯ ಊಟದ ಸಂದರ್ಭದಲ್ಲಿ. ಸುಮಾರು ೧೦೨೫ರಲ್ಲಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನು ಬೆರೆಸುವ ವಿಧಾನವನ್ನು ಹೇಳಿದ್ದಾನೆ. ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನೇ ಈತನೆಂದು ಕೆಲವರು ಭ್ರಮಿಸುವುದುಂಟು. ಈತನು ಬೇರೆ; ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಶೈವ ಕವಿ. ಮಜ್ಜಿಗೆಗೂ ಉದ್ದಿಗೂ ನಂಟು ಬೆಸೆಯುವ ಆತನ ಪಾಕವು ದ್ವಿದಳ ದೋಷವನ್ನು ಎಣಿಸುವ ಶ್ರಾವಕರ ಮನೆಗೆ ಹೊಂದದು. ಆದರೆ ಬೇಳೆಯನ್ನು ನೆನೆಸಿ, ಅರೆದು, ಎಣ್ಣೆಯಿಲ್ಲದೆ ಹಬೆಯಲ್ಲಿ ಬೇಯಿಸುವ ಇಂದಿನ ಇಡ್ಡಲಿಗೆ ಮೊಸರಿನ ಹಂಗಿಲ್ಲ.

ರುಚಿಯ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟವನು ಮೂರನೆಯ ಮಂಗರಸ. ಜ್ಞಾನಭಾರತಿಯ ಪಕ್ಕದಲ್ಲಿಯೇ ಹಾದುಹೋಗುವ ಮೈಸೂರು ರಸ್ತೆಯನ್ನು ಹಿಡಿದು ಮೈಸೂರನ್ನೂ ದಾಟಿ ಮುಂದೆ ಸಾಗಿದರೆ ಹುಣಸೂರು ಸಿಗುತ್ತದೆ. ಆ ಸೀಮೆಯ ಕಲ್ಲಹಳ್ಳಿಯನ್ನು ಚೆಂಗಾಳ್ವರ ಅಧೀನದಲ್ಲಿ ಆಳುತ್ತಿದ್ದ ಜೈನ ಮನೆತನದವನು ಈತ. ೧೫೦೮ರ ಸುಮಾರಿನಲ್ಲಿದ್ದ ಈ ಕವಿ ನೇಮಿಜಿನೇಶ ಸಂಗತಿ, ಜಯನೃಪಕಾವ್ಯ, ಸಮ್ಯಕ್ತ್ವಕೌಮುದಿ, ಶ್ರೀಪಾಲಚರಿತೆ, ಪ್ರಭಂಜನಚರಿತೆಗಳನ್ನು ಬರೆದನು. ಅದೇ ಲೇಖನಿಯಿಂದ ಸೂಪಶಾಸ್ತ್ರವನ್ನೂ ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ತೀರ್ಥಂಕರನ ಚರಿತೆಯನ್ನು ಹಾಡಿದ ಕವಿಗೆ ಒಲೆಯ ಮುಂದೆ ಕುಳಿತು ಬದನೆಕಾಯಿಯ ಪಾಕವನ್ನು ವರ್ಣಿಸುವುದು ಕೀಳೆನಿಸಲಿಲ್ಲ. ಅವನಿಗಿಂತ ನಾಲ್ಕು ಶತಮಾನಗಳ ಹಿಂದೆ, ೧೧೨೯ರ ಸುಮಾರಿನಲ್ಲಿ, ಚಾಳುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ಅನ್ನಭೋಗದಲ್ಲಿ ಮಾಂಸಪಾಕಗಳಿಗೂ ಧಾರಾಳವಾಗಿ ಎಡೆ ಕೊಟ್ಟಿದ್ದನು. ಮಂಗರಸನ ಗ್ರಂಥವು ಸಂಪೂರ್ಣ ಶಾಕಾಹಾರದ್ದು. ರಾಜಭೋಗಕ್ಕೆ ಮಾಂಸ ಬೇಕೇಬೇಕೆಂಬ ನಂಬಿಕೆಗೆ ಆತನು ವಾದವನ್ನು ಹೂಡಲಿಲ್ಲ, ಪಾಕಗಳನ್ನೇ ಮುಂದಿಟ್ಟನು.

ಹಿಟ್ಟಿನ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಶಾಕಗಳು ಹೀಗೆ ಅಧ್ಯಾಯಗಳು ಸಾಗುತ್ತವೆ. ಮುಚ್ಚಳರೊಟ್ಟಿಯೆಂಬುದೊಂದಿದೆ, ಮೇಲೂ ಕೆಳಗೂ ಕೆಂಡವಿಟ್ಟು ಅದನ್ನು ಬೇಯಿಸುತ್ತಾರೆ. ಬದನೆಯೊಂದರಿಂದಲೇ ಇಪ್ಪತ್ತರಷ್ಟು ಪಾಕಗಳು. ಹಲಸು, ಬಾಳೆಕಾಯಿ, ಬಾಳೆಹೂಗಳಿಗೂ ಸಾಲುಸಾಲಾಗಿ ವಿಧಾನಗಳು. ಬಿದಿರಿನ ಕಳಲೆ, ನೆಲ್ಲಿಯವರೆಗೂ ಆತನ ದೃಷ್ಟಿ ಹರಿದಿದೆ. ಬದನೆಯನ್ನು ಬಹುಬೀಜವೆಂದು ಬಿಟ್ಟಿರುವ ಶ್ರಾವಕರು ಇಂದು ಎಷ್ಟೋ ಮಂದಿ ಇದ್ದಾರೆ. ಮಂಗರಸನ ಅಡುಗೆಮನೆಯಲ್ಲಾದರೋ ಅದಕ್ಕೆ ಅಗ್ರಾಸನ! ತ್ಯಾಗದ ಪಟ್ಟಿಯು ಎಲ್ಲ ಕಾಲಗಳಲ್ಲಿ, ಎಲ್ಲ ಸೀಮೆಗಳಲ್ಲಿ ಒಂದೇ ಆಗಿರಲಿಲ್ಲವೆಂಬುದನ್ನು ಇತಿಹಾಸ ಹೀಗೆ ಸದ್ದಿಲ್ಲದೆ ಹೇಳುತ್ತದೆ. ಪದಾರ್ಥಗಳ ಸಂಖ್ಯೆ ಕಡಿಮೆಯಾದಷ್ಟೂ ಪಾಕಗಳ ಸಂಖ್ಯೆ ಹೆಚ್ಚಬೇಕಾಗುತ್ತದೆ. ಈ ಮರ್ಮವನ್ನು ಆತನು ಬಲ್ಲವನಾಗಿದ್ದನು.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ಮಂಗರಸನು ಪ್ರಭು, ಅವನ ಒಲೆಗೆ ಕಟ್ಟಿಗೆ ಒಟ್ಟುವವರು, ಕಾಯಿ ಹೆಚ್ಚುವವರು, ಹಿಟ್ಟು ಬೀಸುವವರು ಬೇರೆ ಇದ್ದಿರಬೇಕು. ತುಪ್ಪ ಸಕ್ಕರೆಗಳಿಗೂ ಅವನಲ್ಲಿ ಜಿಪುಣತನವಿಲ್ಲ. ಶಾಕಾಹಾರವು ರುಚಿಕರವೆಂಬುದನ್ನು ಆತನು ಸಿದ್ಧಮಾಡಿದನು. ದಿನನಿತ್ಯಕ್ಕೆ ಅದು ಸುಲಭವೆಂಬುದನ್ನು ಮಾತ್ರ ಅಲ್ಲಿ ಹುಡುಕಿ ಫಲವಿಲ್ಲ. ಆ ಭಾಗವನ್ನು ಪೂರೈಸಿದವರು ಹೆಸರು ದಾಖಲಾಗದ ಶ್ರಾವಿಕೆಯರು.

ಅವರಿಗೆ ಗುರುವಾದದ್ದು ಮುನಿಗಳ ಆಹಾರವಿಧಿ. ದಿಗಂಬರ ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಂತು, ಅಂಜಲಿಯಲ್ಲಿಯೇ ಆಹಾರ ಸ್ವೀಕರಿಸುತ್ತಾರೆ. ವಟ್ಟಕೇರಾಚಾರ್ಯರ ಮೂಲಾಚಾರವು ಆಹಾರದ ನಲವತ್ತಾರು ದೋಷಗಳನ್ನು ವಿವರಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಉದ್ದಿಷ್ಟ: ಮುನಿಗಳಿಗೆಂದೇ ಮಾಡಿದ ಅಡುಗೆ ಅವರಿಗೆ ಸಲ್ಲದು. ಗೃಹಸ್ಥನು ತನಗಾಗಿ ಶುದ್ಧವಾಗಿ ಮಾಡಿಕೊಂಡದ್ದರಲ್ಲಿ ಒಂದು ಪಾಲು ಅವರದು. ಹಾಗಾದಾಗ ಮನೆಯ ದಿನನಿತ್ಯದ ಅಡುಗೆಯೇ ಸತ್ಪಾತ್ರಕ್ಕೆ ಯೋಗ್ಯವಾಗಿರಬೇಕು ತಾನೆ? ಇಂದು ಮುನಿಸಂಘ ಬಂದಾಗ ವಿಶೇಷವಾಗಿ ಚೌಕವನ್ನು ಅಣಿಗೊಳಿಸಿ, ಸಂಘ ವಿಹಾರ ಮಾಡಿದೊಡನೆ ಹಳೆಯ ರೂಢಿಗೆ ಮರಳುವುದು ಕಂಡುಬರುತ್ತದೆ. ವಿಧಿಯ ಆಶಯವು ಇದಕ್ಕೆ ತೀರ ವಿರುದ್ಧ.

ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವ ರಸಪರಿತ್ಯಾಗವು ಮುನಿಗಳ ತಪಸ್ಸು. ಉಪ್ಪು ತ್ಯಜಿಸಿದವರಿಗೂ ಸಲ್ಲುವಂತೆ ಅಡುಗೆ ಮಾಡಬೇಕಾದ ಶ್ರಾವಿಕೆಯು ನಿಂಬೆ, ಮೆಣಸು, ಜೀರಿಗೆ, ಹಸಿ ತೆಂಗಿನಕಾಯಿಗಳಿಂದ ಸ್ವಾದವನ್ನು ಕಟ್ಟಿಕೊಡುವುದನ್ನು ಕಲಿತಳು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು ೨೦೨೪ರ ಮಾರ್ಗಸೂಚಿಯಲ್ಲಿ ದಿನಕ್ಕೆ ೫ ಗ್ರಾಂ ಉಪ್ಪಿನ ಮಿತಿಯನ್ನು ಹೇಳಿದೆ. ರಕ್ತದೊತ್ತಡದವರಿರುವ ಮನೆಗೆ ಈ ಕೈಚಳಕದ ಬೆಲೆ ತಿಳಿಯದಿರದು. ಹಿಟ್ಟಿಗೂ ಮರ್ಯಾದೆಯಿದೆ: ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ಶೀತಕಪಾಟವಿಲ್ಲದ ಕಾಲದಲ್ಲಿ ಬೂಷ್ಟು ಹಿಡಿಯುವ ವೇಗವನ್ನು ಋತುವಿಗನುಗುಣವಾಗಿ ಅಳೆದ ಲೆಕ್ಕದಂತೆಯೂ ಇದು ತೋರುತ್ತದೆ. ಸ್ವಲ್ಪಸ್ವಲ್ಪವಾಗಿ ಬೀಸಿಕೊಳ್ಳುವುದು ಬೀಸುಕಲ್ಲಿನ ಕಾಲದಲ್ಲಿ ದೊಡ್ಡ ಶ್ರಮವಾಗಿತ್ತು. ಮನೆಯಲ್ಲಿಯೇ ಪುಟ್ಟ ವಿದ್ಯುತ್ ಗಿರಣಿಯಿರುವ ಇಂದು ಅದು ಅರ್ಧ ಗಂಟೆಯ ಕೆಲಸವೂ ಅಲ್ಲ.

ಜ್ಞಾನಭಾರತಿಯ ಸುತ್ತಲಿನ ಬಡಾವಣೆಗಳಂಥ ಕಡೆ ನಾಡಿನ ಹಲವು ಸೀಮೆಗಳಿಂದ ಬಂದವರು ನೆಲೆಸುತ್ತಾರೆ. ತುಳುನಾಡಿನವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವುದನ್ನು ಬಲ್ಲರು. ಬೆಳಗಾವಿ ಧಾರವಾಡಗಳ ಕಡೆಯವರಿಗೆ ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ. ಹಾಸನ ತುಮಕೂರುಗಳವರಿಗೆ ರಾಗಿಮುದ್ದೆ, ಅವರೆಕಾಳಿನ ಸಾರು. ೧೦೦ ಗ್ರಾಂ ರಾಗಿಯಲ್ಲಿ ೩೪೦ ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ. ಗಜ್ಜರಿಯನ್ನು ಬಿಟ್ಟವರಿಗೆ ಸಿಹಿಗುಂಬಳ, ನುಗ್ಗೆಸೊಪ್ಪು, ಪರಂಗಿಹಣ್ಣುಗಳಿವೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆ ಸಾರು ಸಪ್ಪೆಯೆನ್ನುವವರು ತುಪ್ಪದಲ್ಲಿ ಇಂಗು ಅರಳುವ ಪರಿಮಳವನ್ನು ಆಘ್ರಾಣಿಸಿದವರಲ್ಲ. ಮಜ್ಜಿಗೆಹುಳಿಗೆ ಕಡಲೆಬೇಳೆಯ ಬದಲು ನೆನೆದ ಅಕ್ಕಿಯನ್ನು ಕಾಯಿಯೊಡನೆ ಅರೆದು ಹಾಕಿದರೆ ಗಟ್ಟಿತನಕ್ಕೂ ಕುಂದಿಲ್ಲ, ದ್ವಿದಳದ ಅಂಜಿಕೆಯೂ ಇಲ್ಲ. ಬೇಳೆ ಅಕ್ಕಿ ಕಾಯಿಪಲ್ಯಗಳನ್ನು ಒಮ್ಮೆಗೇ ಬೇಯಿಸುವ ಕುಕ್ಕರು ಮನೆಮನೆಗೆ ಬಂದ ಮೇಲೆ ಒಲೆಯ ಮುಂದೆ ಕಳೆಯುವ ಹೊತ್ತೂ ಬಹುಮಟ್ಟಿಗೆ ಇಳಿದಿದೆ.

ಹಾಗೆಂದು ನಮ್ಮ ಮನೆಯ ಅಡುಗೆಯೆಲ್ಲವೂ ಹಿತವೆಂದು ಹೇಳುವುದು ಸತ್ಯಕ್ಕೆ ದೂರ. ಅಷ್ಟಮಿ ಚತುರ್ದಶಿಗಳಂದು ಹಸಿರು ತರಕಾರಿಯನ್ನು ಬಿಟ್ಟ ಕೈ ಹಪ್ಪಳ, ಸಂಡಿಗೆ, ಕರಿದ ಅವಲಕ್ಕಿಗಳ ಡಬ್ಬಿಗೆ ಹೋಗುವುದುಂಟು. ಪಾರಣೆಯ ದಿನ ಹೋಳಿಗೆಯ ಮೇಲೆ ತುಪ್ಪ ಹರಿಯುತ್ತದೆ. ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಭಾರತದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಕಂದಮೂಲ ಬಿಟ್ಟವರೆಂದು ರೋಗವು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಭಕ್ಷ್ಯಾಭಕ್ಷ್ಯಗಳ ಪಟ್ಟಿಯನ್ನು ಪಾಲಿಸಿ ಅನಿಷ್ಟದ ವಿಧಿಯನ್ನು ಮರೆತರೆ ಸಮಂತಭದ್ರರ ಮಾತನ್ನು ಅರ್ಧವೇ ಓದಿದಂತೆ. ಹೆಸರುಕಾಳು, ಹುರುಳಿ, ತೊಗರಿಗಳಿಂದ ಪರ್ವದ ದಿನದ ಅಡುಗೆಯನ್ನು ಎಣ್ಣೆಯಿಲ್ಲದೆಯೇ ಸೊಗಸಾಗಿ ಮಾಡಬಹುದು, ಹಿಂದಿನವರು ಮಾಡಿದ್ದಾರೆ.

ಎಲ್ಲಕ್ಕಿಂತ ಕಠಿಣವಾದುದು ಹೊತ್ತಿನ ಪಾಲನೆ. ಬೆಂಗಳೂರಿನಲ್ಲಿ ನವೆಂಬರ್ ತಿಂಗಳ ಸೂರ್ಯ ಆರು ಗಂಟೆಗೆ ಮುನ್ನವೇ ಮುಳುಗುತ್ತಾನೆ. ಜುಲೈಯಲ್ಲಿಯೂ ಏಳನ್ನು ಮುಟ್ಟುವುದಿಲ್ಲ. ಕಚೇರಿ ಬಿಡುವುದೇ ಆರಕ್ಕೆ. ಮಲಗುವ ಹೊತ್ತಿಗೆ ಹತ್ತಿರದ ಭಾರಿ ಊಟವನ್ನು ವೈದ್ಯರೂ ಬೇಡವೆನ್ನುವ ಈ ದಿನಗಳಲ್ಲಿ ರಾತ್ರಿಭೋಜನ ತ್ಯಾಗದ ಗುಣವನ್ನು ಯಾರೂ ಅಲ್ಲಗಳೆಯರು. ಅದನ್ನು ನಡೆಸುವ ದಾರಿಯೊಂದೇ ತೊಡಕು. ಈ ತೊಡಕಿಗೆ ಉಪಾಯ ಒದಗಿರುವುದೂ ಅಡುಗೆಮನೆಯಿಂದಲೇ. ಬೆಳಿಗ್ಗೆಯೇ ಎರಡು ಬುತ್ತಿ ಕಟ್ಟುವ ಮನೆಗಳಿವೆ: ಮಧ್ಯಾಹ್ನಕ್ಕೆ ಅನ್ನ ಸಾರು, ಸಂಜೆಗೆ ರಾಗಿರೊಟ್ಟಿ, ಒಣ ಪಲ್ಯ, ಇಲ್ಲವೇ ನಾಲ್ಕು ಇಡ್ಡಲಿ. ಮೆಟ್ರೋ ರೈಲಿನೊಳಗೆ ತಿನ್ನುವಂತಿಲ್ಲ. ಐದೂವರೆಯ ಹೊತ್ತಿಗೆ ಕಚೇರಿಯ ಮೇಜಿನ ಬಳಿಯೇ ಎರಡನೆಯ ಬುತ್ತಿ ಬಿಚ್ಚಿಕೊಳ್ಳುತ್ತದೆ. ಅದರ ರೊಟ್ಟಿಯಲ್ಲೊಂದು ತುಂಡು ಪಕ್ಕದ ಮೇಜಿನವರ ಕೈಗೂ ಹೋಗುತ್ತದೆ. ಜ್ಞಾನಭಾರತಿಯ ನಿಲ್ದಾಣದಲ್ಲಿ ಇಳಿಯುವಾಗ ಕತ್ತಲಾಗಿರುತ್ತದೆ. ಮನೆಯಲ್ಲಿ ಒಲೆ ಹಚ್ಚುವ ಕೆಲಸ ಮರುದಿನ ಬೆಳಗಿನದು.